ಚಿಕ್ಕಮ್ಮನ ಕೆಮ್ಮು

ಪರ್ತ್, ಬ್ರಿಸ್ಬೇನ್, ಅಡಿಲೇಡ್ – ಆಸ್ಟ್ರೇಲಿಯಾದ ಈ ಮೂರೂ ಊರುಗಳಲ್ಲಿ ಕಳ್ಳತನ ಮಾಡಿ, ಮೂರರಲ್ಲೂ ಮರ್ಯಾದಸ್ಥೆ ಎನ್ನಿಸಿಕೊಂಡ ಮೈಸೂರಿನ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಮ್ಮ ಒಬ್ಬಳೇ! ಗಾಬರಿಯಾಗಬೇಡಿ. ಅವಳು ಕದಿಯುವುದು ಗಿಡದ ಕಡ್ಡಿಗಳನ್ನು ಮಾತ್ರ. ಗುಲಾಬಿಯ ಕಡ್ಡಿ, ದಾಸವಾಳದ ಕಡ್ಡಿ, ಹೆಸರೇ ಗೊತ್ತಿಲ್ಲದ ಗಿಡದ ಕಡ್ಡಿ. ನೆಟ್ಟರೆ ಚಿಗುರುವಂಥದ್ದು ಯಾವುದಾದರೂ ಸರಿ, ಬೇರೆಯವರ ಕಾಂಪೌಂಡಿನೊಳಗಿದ್ದರೆ ಇನ್ನೂ ಸರಿ.

ಅವಳ ಕಸುಬಿನ ಗುಟ್ಟು ಇರುವುದು ಕೆಮ್ಮಿನಲ್ಲಿ. ಬೇಲಿಯಾಚೆ ಚೆಂದದ ಗಿಡವೊಂದು ಕಂಡಿತೋ, ಚಿಕ್ಕಮ್ಮನಿಗೆ ಆ ಕ್ಷಣವೇ ಗಂಟಲು ಕಟ್ಟುತ್ತದೆ. ಎಡಗೈಯಿಂದ ಬಾಯಿ ಮುಚ್ಚಿಕೊಂಡು 'ಖೊಳ್' ಎಂದು ಒಂದು ಕೆಮ್ಮು ಕೆಮ್ಮುತ್ತಾಳೆ. ಅದೇ ಹೊತ್ತಿಗೆ ಬಲಗೈ ಹೆಬ್ಬೆರಳಿನ ಉಗುರು 'ಚಟಕ್' ಎಂದು ತನ್ನ ಕೆಲಸ ಮುಗಿಸಿರುತ್ತದೆ. ಕೆಮ್ಮಿನಲ್ಲಿ ಆ ಸದ್ದು ಮುಳುಗಿಹೋಗುತ್ತದೆ. ಕಡ್ಡಿ ಒದ್ದೆ ಕರ್ಚೀಫಿನಲ್ಲಿ ಸುತ್ತಿಕೊಂಡು, ಪ್ಲಾಸ್ಟಿಕ್ ಕವರಿನೊಳಗೆ ಸೇರಿ, ಅವಳ ಕಪ್ಪು ವ್ಯಾನಿಟಿ ಬ್ಯಾಗಿನ ತಳದಲ್ಲಿ ಮಲಗಿರುತ್ತದೆ. ನೋಡಿದವರು ಏನೆಂದುಕೊಳ್ಳಬೇಕು? ಪಾಪ, ಯಾರೋ ವಯಸ್ಸಾದ ಹೆಂಗಸು, ಈ ದೇಶದ ಹವಾ ಒಗ್ಗಿಲ್ಲ!

ಅವಳಿಗೆ ಈ ಹುಚ್ಚು ಹಿಡಿದದ್ದು ಮಸ್ಕತ್ತಿನಲ್ಲಿ. ಚಿಕ್ಕಪ್ಪನಿಗೆ ಅಲ್ಲಿ ಕೆಲಸವಿದ್ದಷ್ಟು ವರ್ಷವೂ ಇವಳು ಒಂದು ಫ್ಲಾಟಿನ ಬಾಲ್ಕನಿಯಲ್ಲಿ ತುಪ್ಪದ ಡಬ್ಬಗಳಿಗೆ ಮಣ್ಣು ತುಂಬಿ, ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕಿ, ತುಳಸಿ ಬೆಳೆಸಲು ಒದ್ದಾಡಿದಳಂತೆ. ಬೇಸಿಗೆ ಬಂತೆಂದರೆ ತುಳಸಿ ನಿಂತಲ್ಲೇ ಹುರಿದುಹೋಗುತ್ತಿತ್ತಂತೆ. ಆಮೇಲೆ ಚಿಕ್ಕಪ್ಪನಿಗೆ ಪರ್ತಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿ ಹಿತ್ತಲಿರುವ ಮನೆ ತೆಗೆದುಕೊಂಡರು. ವರ್ಷಗಟ್ಟಲೆ ಮರಳು ನೋಡಿದ ಕಣ್ಣಿಗೆ ಬೀದಿಯುದ್ದಕ್ಕೂ ಹಸಿರು ಬಿದ್ದರೆ ಏನಾಗಬೇಡ? ಸಾಮಾನಿನ ಡಬ್ಬಗಳನ್ನು ಬಿಚ್ಚುವ ಮುನ್ನವೇ ಚಿಕ್ಕಮ್ಮ ಕೆಮ್ಮತೊಡಗಿದಳು.

ಥಾರ್ನ್ಲಿಯ ಪಕ್ಕದ ಮನೆಯಲ್ಲಿ ಒಬ್ಬ ಮುದುಕರಿದ್ದರು. ಅವರ ಬೇಲಿಯ ಬದಿಯಲ್ಲಿ ಏಪ್ರಿಕಾಟ್ ಬಣ್ಣದ ಒಂದು ಗುಲಾಬಿ. ಅದು ಹೇಗೆ ಚಿಕ್ಕಮ್ಮನ ಹಿತ್ತಲಿಗೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವರ್ಷ ಅದು ಹೂ ಬಿಟ್ಟಾಗ ಮುದುಕರು ಬೇಲಿಯ ಮೇಲಿಂದ ಬಗ್ಗಿ ನೋಡಿ ದಂಗಾದರು. "ನನ್ನ ಹತ್ತಿರವೂ ಥೇಟ್ ಇದೇ ಬಣ್ಣದ್ದಿತ್ತು, ಪಾಪ, ಈ ಸಲದ ಬಿಸಿಲಿಗೆ ಸತ್ತುಹೋಯಿತು!" ಎಂದು ಇಂಗ್ಲಿಷಿನಲ್ಲಿ ಮರುಗಿದರು. ಚಿಕ್ಕಮ್ಮ ಮುಖದ ಒಂದು ಗೆರೆಯೂ ಅಲ್ಲಾಡದಂತೆ ನಿಂತು, ಆ ಗಿಡದಿಂದಲೇ ಒಂದು ಕಡ್ಡಿ ಕತ್ತರಿಸಿ ಅವರ ಕೈಗಿಟ್ಟಳು. ಮುದುಕರು ಕಣ್ಣಲ್ಲಿ ನೀರು ತುಂಬಿಕೊಂಡರು. ಸಂಜೆ ಒಂದು ಬಾಟಲಿ ಜಾಮ್ ತಂದು ಕೊಟ್ಟರು! ಕಳ್ಳಿಗೆ ಕೃತಜ್ಞತೆ ಹೇಳಿ ಜಾಮ್ ಕೊಡುವ ದೇಶವನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಬ್ರಿಸ್ಬೇನಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಅಲ್ಲಿ ನಾನೂ ಇದ್ದೆ; ನನ್ನ ಗ್ರಹಚಾರ. ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಚಿಕ್ಕಮ್ಮ ಕಾಣಲಿಲ್ಲ. ಕಿಟಕಿಯಿಂದ ನೋಡುತ್ತೇನೆ, ಎದುರು ಮನೆಯ ಅಂಗಳದಲ್ಲಿ ದೇವಕಣಗಿಲೆ ಮರದ ಕೆಳಗೆ ನಿಂತಿದ್ದಾಳೆ! ಕೆಂಪು ಹೂವಿನ ದೇವಕಣಗಿಲೆ. ಅವಳ ಮುಂದೆ ಕರುವಿನಷ್ಟು ದೊಡ್ಡ ನಾಯಿ. ಚಿಕ್ಕಮ್ಮ ಸೆರಗಿನಿಂದ ಒಂದು ಕೋಡುಬಳೆ ತೆಗೆದು ಅದರ ಬಾಯಿಗೆ ಹಾಕಿದಳು. ಇನ್ನೊಂದು ಹಾಕಿದಳು. ನಾಯಿ ಕುಳಿತುಕೊಂಡಿತು. ಮೂರನೆಯದಕ್ಕೆ ಅದು ಬಾಲ ಅಲ್ಲಾಡಿಸುತ್ತಾ ಅವಳ ಹಿಂದೆ ಬಂದು, ಗೃಹಪ್ರವೇಶದ ಮನೆಯ ಹೊಸಲು ದಾಟಿ, ಸೀದಾ ಸತ್ಯನಾರಾಯಣನ ಮಂಟಪದ ಮುಂದೆ ಮಲಗಿತು.

"ನಾಯಿ ಕಚ್ಚಿದ್ರೆ ಏನೇ ಮಾಡ್ತಿದ್ದೆ ಚಿಕ್ಕಮ್ಮಾ?" ಎಂದೆ.

"ಯಾಕೆ ಕಚ್ಚತ್ತೆ? ಅದೇನು ಅದರ ಗಿಡವಾ?" ಎಂದಳು.

ನಾನಾದರೋ ಹುಟ್ಟು ಪುಕ್ಕಲಿ. ನಮ್ಮವರ ಎಂಜಿನಿಯರ್ ಕೆಲಸದ ದೆಸೆಯಿಂದ ವೀಸಾ ಸಿಕ್ಕಿ ಅಡಿಲೇಡಿನ ಮಾಡ್ಬರಿಗೆ ಬಂದು ನೆಲೆಸಿದ ಮೇಲೆ ನನ್ನ ಪುಕ್ಕಲುತನಕ್ಕೆ ಇಂಗ್ಲಿಷಿನ ಬೋರ್ಡುಗಳೂ ಜೊತೆಯಾದವು. 'ಅತಿಕ್ರಮಿಸಿದವರನ್ನು ಕಾನೂನಿಗೆ ಒಪ್ಪಿಸಲಾಗುವುದು' ಎಂಬ ಬೋರ್ಡು ಕಂಡರೆ, ನಾನು ಬಸ್ ಸ್ಟಾಪಿನಲ್ಲಿ ನಿಂತಿದ್ದರೂ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದೆ. ಅಂಚೆ ಡಬ್ಬಿಯೊಳಗೆ ಕೆಂಪು ಬೆನ್ನಿನ ವಿಷದ ಜೇಡ ಇರುತ್ತದೆಂದು ಯಾರೋ ಹೇಳಿದ ಮೇಲೆ ಕಾಗದಗಳನ್ನು ಇಕ್ಕಳದಿಂದ ಎತ್ತುತ್ತಿದ್ದೆ. ಟಪಾಲಿನವನು ನನ್ನನ್ನು ನೋಡಿದರೆ ಬೇರೆ ಕಡೆ ತಿರುಗಿಕೊಂಡು ನಗುತ್ತಿದ್ದ.

ಆದರೆ ಆ ವರ್ಷದ ನನ್ನ ಭಯವೇ ಬೇರೆ. ನಾನು ಬಸುರಿಯಾಗಿದ್ದೆ. ಅದಕ್ಕೆ ಮುಂಚೆ ಎರಡು ಸಲ ಹೀಗೇ ಆಗಿ, ಎರಡು ಸಲವೂ ನಿಲ್ಲದೆ ಹೋಗಿತ್ತು. ಈ ಸಲ ಐದನೆಯ ತಿಂಗಳಿಗೆ ಬಿದ್ದಿತ್ತು. ಡಾಕ್ಟರು "ಎಲ್ಲಾ ಸರಿಯಾಗಿದೆ" ಎನ್ನುತ್ತಿದ್ದರು. ಆ ಮಾತನ್ನು ಅವರು ಹಿಂದೆಯೂ ಹೇಳಿದ್ದರಲ್ಲ! ನಾನು ಮೆಟ್ಟಿಲು ಹತ್ತುತ್ತಿರಲಿಲ್ಲ. ಜೋರಾಗಿ ಸೀನುತ್ತಿರಲಿಲ್ಲ. ನಗುವುದಕ್ಕೂ ಹೆದರಿಕೆ. ಒಂದು ಪುಟ್ಟ ಅಂಗಿ ಕೊಂಡಿರಲಿಲ್ಲ, ಹೆಸರಿನ ಮಾತೆತ್ತಿರಲಿಲ್ಲ. ಇಂಥದ್ದು ತಿನ್ನಬೇಕು ಅನ್ನಿಸುತ್ತದೆ ಎಂದು ಕೂಡ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆಸೆಪಟ್ಟರೆ ಯಾರ ಕಣ್ಣಿಗೋ ಬಿದ್ದೀತು ಎಂಬ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದೆ.

ಮೈಸೂರಿನಲ್ಲಿ ಅಪ್ಪನಿಗೆ ಕಾಲು ಮುರಿದಿದ್ದರಿಂದ ಅಮ್ಮ ಬರುವ ಹಾಗಿರಲಿಲ್ಲ. ಅವಳ ಬದಲಿಗೆ ಅವಳ ತಂಗಿ, ಅಂದರೆ ಚಿಕ್ಕಮ್ಮ, ಬಂದಳು. ಪರ್ತಿನಿಂದ ಬರುವವರು ಗಿಡ, ಹಣ್ಣು ಏನನ್ನೂ ತರಕೂಡದೆಂದು ಏರ್‌ಪೋರ್ಟಿನಲ್ಲಿ ದೊಡ್ಡ ಕಸದ ಡಬ್ಬಿ ಇಟ್ಟು ಕಾಯುತ್ತಾರೆ. ಎಲ್ಲರೂ ಬಾಳೆಹಣ್ಣು, ಸೇಬು ಅದರೊಳಗೆ ಹಾಕಿ ಬರುತ್ತಿದ್ದರೆ ಚಿಕ್ಕಮ್ಮ ಮಾತ್ರ ಮದುವಣಗಿತ್ತಿಯ ಹಾಗೆ ತುರುಬಿನ ಸುತ್ತ ಹಸಿರು ಮುಡಿದು ಗತ್ತಿನಿಂದ ನಡೆದು ಬಂದಳು. ಹತ್ತಿರ ಬಂದು ನನ್ನನ್ನು ತಬ್ಬಿಕೊಂಡಾಗ ಘಮ್ಮೆಂದು ವಾಸನೆ ಬಂತು. ಕರಿಬೇವು!

"ಆಫೀಸರ್ ನೋಡಿ ಲವ್ಲಿ ಅಂದ ಕಣೇ," ಎಂದಳು. ನಾನು ಕಾರು ಏರ್‌ಪೋರ್ಟ್ ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಲೇ ಇದ್ದೆ.

ಬಂದ ಮೇಲೆ ಅವಳು ಸಾರು ಮಾಡಿದಳು, ತಲೆಗೆ ಎಣ್ಣೆ ಒತ್ತಿದಳು, ನನ್ನ ಅಂಚೆ ಡಬ್ಬಿಗೆ ಬರಿಗೈ ಹಾಕಿ ಕಾಗದ ತೆಗೆದಳು. ಆದರೆ ನಾನು ಹಾಸಿಗೆಯಿಂದ ಸೋಫಾ, ಸೋಫಾದಿಂದ ಹಾಸಿಗೆ. ಒಂದು ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮನೇಲಿ ಕೂತೂ ಕೂತೂ ಮುಖ ಒಣಗಿದ ಹಪ್ಪಳ ಆಗಿದೆ. ಭಾನುವಾರ ಎಲ್ಲಾದ್ರೂ ಕರ್ಕೊಂಡು ಹೋಗಪ್ಪಾ ಇವಳನ್ನ," ಎಂದು ನಮ್ಮವರಿಗೆ ಅಪ್ಪಣೆ ಮಾಡಿದಳು. ಅವರಿಗೂ ಬೇಕಾಗಿದ್ದುದು ಅದೇ. ಗುಡ್ಡದ ಮೇಲೆ ಒಂದು ಹಳೆಯ ಬಂಗಲೆ ಇದೆ, ಆ ಭಾನುವಾರ ಅದರ ತೋಟವನ್ನು ಜನಕ್ಕೆ ತೆರೆದಿಡುತ್ತಾರೆ ಎಂದು ಅವರ ಆಫೀಸಿನಲ್ಲಿ ಯಾರೋ ಹೇಳಿದ್ದರು.

ತೋಟ! ಚಿಕ್ಕಮ್ಮನ ಕಣ್ಣು ಮಿನುಗಿತು. ನಾನು ಅವಳ ಕಪ್ಪು ಬ್ಯಾಗಿನ ಕಡೆ ನೋಡಿದೆ.

ಆ ಭಾನುವಾರ ಬೆಳಿಗ್ಗೆ ಇನ್ನೊಂದು ವಿಷಯವೂ ಆಗಿತ್ತು. ಹಿಂದಿನ ವಾರದಿಂದ ಹೊಟ್ಟೆಯೊಳಗೆ ಮೆಲ್ಲನೆ ಏನೋ ಮಿಸುಕುವುದು ಗೊತ್ತಾಗುತ್ತಿತ್ತು. ಆ ದಿನ ಎದ್ದಾಗಿನಿಂದ ಇಲ್ಲ. ಮಗ್ಗುಲು ಬದಲಾಯಿಸಿದೆ, ತಣ್ಣೀರು ಕುಡಿದೆ. ಇಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೇನೋ ಎಂದು ಭಯ. ಸುಮ್ಮನೆ ಸೀರೆ ಉಟ್ಟು ಕಾರು ಹತ್ತಿದೆ.

ಬಂಗಲೆಯನ್ನು ಕಟ್ಟಿಸಿದವನು ಹಿಂದಿನ ಶತಮಾನದ ಒಬ್ಬ ಇಂಗ್ಲಿಷ್ ದೊರೆಯಂತೆ. ಆಸ್ಟ್ರೇಲಿಯಾಕ್ಕೆ ಬಂದು ದುಡ್ಡು ಮಾಡಿದವನಿಗೆ ಆಸ್ಟ್ರೇಲಿಯಾ ಒಂದು ಚೂರೂ ಹಿಡಿಸಲಿಲ್ಲವೆಂದು ಕಾಣುತ್ತದೆ. ಇಲ್ಲಿನ ನೀಲಗಿರಿ ಮರಗಳನ್ನು ಕಡಿಸಿ, ಓಕು, ಎಲ್ಮು ಎಂದು ತನ್ನ ಊರಿನ ಮರಗಳನ್ನೇ ಹಡಗಿನಲ್ಲಿ ತರಿಸಿ ನೆಡಿಸಿದ್ದ. ಕಲ್ಲಿನ ಬಂಗಲೆ, ಅದರ ಗೋಡೆ ತುಂಬ ಬಳ್ಳಿ. ಮುಂದೆ ಬಿಲಿಯರ್ಡ್ಸ್ ಮೇಜಿನಂಥ ಹುಲ್ಲುಹಾಸು. ಕೈಯಿಲ್ಲದ ಅಮೃತಶಿಲೆಯ ಹೆಂಗಸರು ಅಲ್ಲಲ್ಲಿ ನಿಂತಿದ್ದರು. ಆಚೆಗೆ ಆಳೆತ್ತರದ ಹಸಿರು ಬೇಲಿಗಳ ನಡುವೆ ಓಣಿಗಳು, ಓಣಿಯ ಕೊನೆಗೆ ಗುಲಾಬಿ ತೋಟ. ಅಕ್ಟೋಬರ್ ತಿಂಗಳು, ವಸಂತ ತುಂಬಿ ತುಳುಕುತ್ತಿತ್ತು. ಯಾರಾದರೂ ಖುಷಿಪಡಬೇಕಾದ ಜಾಗ.

ನಾನು ಬೋರ್ಡುಗಳನ್ನು ಓದಿದೆ. 'ಹಾವಿನ ಕಾಲ, ದಾರಿ ಬಿಟ್ಟು ನಡೆಯಬೇಡಿ.' ಇನ್ನೊಂದು, 'ಮ್ಯಾಗ್ಪೈ ಹಕ್ಕಿಗಳು ಮರಿ ಮಾಡಿವೆ, ತಲೆ ಜೋಪಾನ.' ಮತ್ತೊಂದು, ಕೊಳದ ಪಕ್ಕ, 'ನೀರು ಆಳವಾಗಿದೆ.' ಗೇಟಿನಿಂದ ಹುಲ್ಲುಹಾಸಿಗೆ ಹೋಗುವಷ್ಟರಲ್ಲಿ ನನ್ನ ಜೀವಕ್ಕೆ ನೆಲ, ಜಲ, ಆಕಾಶ ಮೂರರಿಂದಲೂ ಅಪಾಯವಿದೆಯೆಂದು ಖಾತ್ರಿಯಾಯಿತು. ಕೊನೆಯ ಬೋರ್ಡಿಗೆ ಬಂದಾಗ ಮಾತ್ರ ಚಿಕ್ಕಮ್ಮನ ತೋಳು ಹಿಡಿದು ನಿಲ್ಲಿಸಿದೆ.

"ಓದು ಚಿಕ್ಕಮ್ಮಾ, ಜೋರಾಗಿ ಓದು."

ಅವಳು ಕನ್ನಡಕ ಏರಿಸಿ ಓದಿದಳು. "ದಯವಿಟ್ಟು ಹೂ ಕೀಳಬೇಡಿ."

"ಗೊತ್ತಾಯ್ತಾ?"

"ಗೊತ್ತಾಯ್ತು. ಹೂವು ಅಂತ ಬರೆದಿದಾರೆ. ಕಡ್ಡಿ ಅಂತ ಎಲ್ಲಿ ಬರೆದಿದಾರೆ?"

ನಮ್ಮವರು ಟೀ ಮತ್ತು ಸ್ಕೋನ್ ಎಂಬ ಬನ್ನಿನ ಸಾಲಿನಲ್ಲಿ ನಿಂತರು. ಆ ಸಾಲು ಬಂಗಲೆಯನ್ನು ಅರ್ಧ ಸುತ್ತು ಹಾಕಿತ್ತು. ಉಳಿದವರು ನಾವಿಬ್ಬರೇ.

ಲ್ಯಾವೆಂಡರ್ ಸಾಲಿನ ಹತ್ತಿರ ಮೊದಲ ಕೆಮ್ಮು. ಕಮೀಲಿಯಾ ಮರದ ಬಳಿ ಎರಡು ಕೆಮ್ಮು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತಿತ್ತ ನೋಡಿದೆ. ಅಷ್ಟು ದೂರದಲ್ಲಿ ಒಣಹುಲ್ಲಿನ ಟೋಪಿ ಹಾಕಿಕೊಂಡ, ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡ ಒಬ್ಬ ಅಜ್ಜಿ. ತೋಟದ ಕಾವಲಿಗೆಂದು ನಿಂತ ವಾಲಂಟಿಯರ್. ನಮ್ಮನ್ನೇ ನೋಡುತ್ತಿದ್ದರು.

"ಚಿಕ್ಕಮ್ಮಾ, ನೋಡ್ತಿದಾರೆ. ಸಾಕು, ಬಾ ಹೋಗೋಣ. ನಮ್ಮ ವೀಸಾ ಕ್ಯಾನ್ಸಲ್ ಮಾಡ್ತಾರೆ."

"ಲ್ಯಾವೆಂಡರ್ ಕಡ್ಡಿಗೆಲ್ಲಾ ವೀಸಾ ಕ್ಯಾನ್ಸಲ್ ಮಾಡಿದ್ರೆ ಈ ದೇಶದಲ್ಲಿ ಯಾರೇ ಉಳೀತಾರೆ? ನೀನು ಹೂ ನೋಡೇ, ಹೂ ನೋಡು!"

ಹೈಡ್ರೇಂಜಿಯಾ ಪಾತಿಗೆ ಬಂದಾಗ ಅವಳಿಗೆ ನಾಯಿಕೆಮ್ಮೇ ಬಂದುಬಿಟ್ಟಿತು! ಖೊಳ್, ಖೊಳ್, ಖೊಳ್! ಹಿಂದಿನಿಂದ ಒಂದು ದನಿ. "ಎಕ್ಸ್‌ಕ್ಯೂಸ್ ಮಿ, ಲವ್!"

ನಾನು ತಿರುಗಿ ನೋಡಿದೆ. ಟೋಪಿಯ ಅಜ್ಜಿ ಕೈಯೆತ್ತಿಕೊಂಡು ನಮ್ಮ ಕಡೆಗೇ ಬರುತ್ತಿದ್ದರು. ಅಷ್ಟೇ. ನನ್ನ ಬುದ್ಧಿ ಅಲ್ಲಿಗೆ ನಿಂತಿತು, ಕಾಲು ಹೊರಟಿತು. ಮೆಟ್ಟಿಲು ಹತ್ತದ, ಸೀನದ, ನಗದ ನಾನು ಚಿಕ್ಕಮ್ಮನ ಕೈ ಹಿಡಿದೆಳೆದುಕೊಂಡು ಹಸಿರು ಬೇಲಿಗಳ ಓಣಿಯೊಳಕ್ಕೆ ನುಗ್ಗಿದೆ. ಎಡಕ್ಕೆ ತಿರುಗಿದೆವು, ಬಲಕ್ಕೆ ತಿರುಗಿದೆವು. ಎಲ್ಲಿ ತಿರುಗಿದರೂ ಅದೇ ಆಳೆತ್ತರದ ಹಸಿರು ಗೋಡೆ. ಬೇಲಿಯ ಆಚೆಯಿಂದ ಆ ದನಿ ಬಿಡದೆ ಬರುತ್ತಿತ್ತು. "ಎಕ್ಸ್‌ಕ್ಯೂಸ್ ಮಿ! ಲೇಡೀಸ್!"

"ಓಡಬೇಡ್ವೇ! ನಿಂತ್ಕೊಳ್ಳೇ! ಹೊಟ್ಟೆ ಹೊತ್ಕೊಂಡು ಓಡ್ತೀಯಲ್ಲೇ!" ಎಂದು ಚಿಕ್ಕಮ್ಮ ಹಿಂದಿನಿಂದ ಕೂಗುತ್ತಿದ್ದಳು. ಮೊದಲ ಸಲ ಅವಳ ದನಿಯಲ್ಲಿ ಗಾಬರಿ ಇತ್ತು.

ಓಣಿ ಮುಗಿದು ಗುಲಾಬಿ ತೋಟ ಬಂತು. ಅಲ್ಲಿ ನನ್ನ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ನೋವೋ, ಬರೀ ಭಯವೋ ತಿಳಿಯಲಿಲ್ಲ. ಹಿಂದಿನ ಎರಡೂ ಸಲ ಹೀಗೇ ಶುರುವಾಗಿತ್ತು. ಒಂದು ಕಲ್ಲು ಬೆಂಚಿನ ಮೇಲೆ ಕುಸಿದು ಕುಳಿತೆ. ಸುತ್ತ ಅಷ್ಟೊಂದು ಗುಲಾಬಿ. ನನಗೆ ಒಂದರ ಬಣ್ಣವೂ ಕಾಣಲಿಲ್ಲ.

"ಏನಾಯ್ತೇ? ಪುಟ್ಟೀ, ಏನಾಯ್ತು?" ಚಿಕ್ಕಮ್ಮ ನನ್ನ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

ಬೆಳಿಗ್ಗೆಯಿಂದ ಮುಚ್ಚಿಟ್ಟದ್ದು ಹೊರಗೆ ಬಂತು. "ಬೆಳಿಗ್ಗೆಯಿಂದ ಮಿಸುಕಿಲ್ಲ ಚಿಕ್ಕಮ್ಮಾ."

ನನ್ನ ಮೊಣಕಾಲ ಮೇಲಿದ್ದ ಅವಳ ಕೈ ಬಿಗಿಯಾಯಿತು.

ಅಷ್ಟರಲ್ಲಿ ಟೋಪಿಯ ಅಜ್ಜಿ ಏದುಸಿರು ಬಿಡುತ್ತಾ ಬಂದು ಮುಟ್ಟಿದರು. ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಒಂದು ಪುಟ್ಟ ಪೊಟ್ಟಣ. ಕೆಮ್ಮಿನ ಪೆಪ್ಪರಮೆಂಟು! ಪಾಪ, ಆಗಲೇ ನೋಡುತ್ತಿದ್ದೇನೆ, ಈ ಹೆಂಗಸು ಬಹಳ ಕೆಮ್ಮುತ್ತಿದ್ದಾಳೆ ಎಂದು ಆ ತಾಯಿ ಇಡೀ ತೋಟ ಅಟ್ಟಿಸಿಕೊಂಡು ಬಂದಿದ್ದರು! ಬೇರೆ ದಿನವಾಗಿದ್ದರೆ ನಾನು ನಕ್ಕು ನಕ್ಕು ಬೆಂಚಿನಿಂದ ಬೀಳುತ್ತಿದ್ದೆ.

ಪೊಟ್ಟಣ ಕೊಡಲು ಬಗ್ಗಿದ ಅಜ್ಜಿಯ ಕಣ್ಣು ಚಿಕ್ಕಮ್ಮನ ಬ್ಯಾಗಿನ ಮೇಲೆ ಬಿತ್ತು. ಓಟದಲ್ಲಿ ಅದರ ಜಿಪ್ಪು ಬಿಟ್ಟುಕೊಂಡಿತ್ತು. ಒಳಗಿನಿಂದ ಉದ್ದದ ಒಂದು ಕಮೀಲಿಯಾ ಕಡ್ಡಿ ತಲೆ ಹೊರಗೆ ಹಾಕಿ ನೋಡುತ್ತಿತ್ತು. ಅದರ ಕುತ್ತಿಗೆಗೆ ಗಿಡದ ಹೆಸರು ಬರೆದ ಚೀಟಿಯೂ ಹಾಗೇ ನೇತಾಡುತ್ತಿತ್ತು. ಚಿಕ್ಕಮ್ಮ ಅವಸರದಲ್ಲಿ ಚೀಟಿ ಸಮೇತ ಮುರಿದಿದ್ದಳು!

ಅಜ್ಜಿ ಚೀಟಿ ನೋಡಿದರು. ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಎದ್ದು ನಿಂತಳು. ಮಸ್ಕತ್ತಿನಿಂದ ಥಾರ್ನ್ಲಿಯವರೆಗೆ ಎಲ್ಲ ಸಂಕಟದಲ್ಲೂ ಕೈಹಿಡಿದ ಅವಳ ಇಂಗ್ಲಿಷು ಈಗಲೂ ಹೊರಟಿತು.

"ಶೀ ಪ್ರೆಗ್ನೆಂಟ್," ಎಂದು ನನ್ನ ಕಡೆ ಬೆರಳು ತೋರಿಸಿದಳು. "ಇನ್ ಅವರ್ ಕಂಟ್ರಿ, ಪ್ರೆಗ್ನೆಂಟ್ ಲೇಡಿ ಆಸ್ಕ್ ಮೀನ್ಸ್, ವಿ ಮಸ್ಟ್ ಗಿವ್. ಶೀ ಆಸ್ಕ್. ಐ ಪ್ಲಕ್."

ನಾನು ಯಾವಾಗ ಕೇಳಿದೆ? ತನ್ನ ಕಳ್ಳತನವನ್ನು ಅವಳು ಹೀಗೆ ಬಸುರಿಯ ಬಯಕೆಯ ತಲೆಗೆ ಕಟ್ಟಿದ್ದಳು! ಆದರೆ ಅಜ್ಜಿಯ ಮುಖದಲ್ಲಿದ್ದ ಬಿಗಿ ಸಡಿಲವಾಯಿತು. ಅವರು ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ನನ್ನ ಕೈಯನ್ನು ತಮ್ಮ ಕೈಯೊಳಗಿಟ್ಟುಕೊಂಡು, ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು.

"ಹೌದಾ ಮಗು? ಹೇಳು, ನಿನಗೆ ಏನು ಬೇಕು?"

ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ನನಗೆ ಎಲ್ಲರೂ ಕೇಳಿದ್ದರು. ಅಮ್ಮ ಫೋನಿನಲ್ಲಿ ಕೇಳಿದ್ದಳು, ನಮ್ಮವರು ಅಂಗಡಿಗೆ ಹೋಗುವ ಮುಂಚೆ ದಿನವೂ ಕೇಳುತ್ತಿದ್ದರು, ಚಿಕ್ಕಮ್ಮ ಒಗ್ಗರಣೆ ಹಾಕುವಾಗ ಕೇಳುತ್ತಿದ್ದಳು. ಏನೂ ಬೇಡ ಎನ್ನುತ್ತಿದ್ದೆ. ಈ ಗುರುತು ಪರಿಚಯವಿಲ್ಲದ ಅಜ್ಜಿಯ ಮುಂದೆ ನನ್ನ ಬಾಯಿ ತಾನಾಗಿ ತೆರೆಯಿತು. ಬಂದದ್ದು ಕನ್ನಡ.

"ನಂಗೆ ಈ ಮಗು ಬೇಕು. ಇದೊಂದು ಉಳೀಲಿ. ಇದು ಬೇಕು ನಂಗೆ."

ಹೇಳಿ, ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಅಜ್ಜಿಗೆ ಅರ್ಥವಾಗಲಿಲ್ಲ. ಅವರು ಚಿಕ್ಕಮ್ಮನ ಕಡೆಗೆ ತಿರುಗಿ, ಅವಳು ಏನು ಕೇಳಿದಳು ಎಂದರು. ಯಾವತ್ತೂ ಉತ್ತರಕ್ಕೆ ತಡಕಾಡದ ಚಿಕ್ಕಮ್ಮ ಬಾಯಿ ತೆರೆದಳು, ಮುಚ್ಚಿದಳು. ಇಂಗ್ಲಿಷು ಬರಲಿಲ್ಲ.

ಅವಳು ಬ್ಯಾಗನ್ನು ಪೂರ್ತಿ ತೆರೆದು ಬೆಂಚಿನ ಮೇಲೆ ಬೋರಲು ಹಾಕಿದಳು. ಒದ್ದೆ ಕರ್ಚೀಫು ಬಿಚ್ಚಿದಳು. ಲ್ಯಾವೆಂಡರ್ ಬಿತ್ತು, ಕಮೀಲಿಯಾ ಬಿತ್ತು, ಹೈಡ್ರೇಂಜಿಯಾ ಬಿತ್ತು. ಗೋಡೆಯ ಬಳ್ಳಿಯ ಒಂದು ತುಂಡು, ಮಣ್ಣು ಮೆತ್ತಿದ ಯಾವುದೋ ಗೆಡ್ಡೆ. ಒಳಜೇಬಿನ ಜಿಪ್ಪು ಎಳೆದಳು. ಮಾಡ್ಬರಿಯ ನಮ್ಮ ಎದುರು ಮನೆಯವರ ಜೆರೇನಿಯಂ ಹೊರಗೆ ಬಂತು. ನನ್ನ ಡಾಕ್ಟರ ರಿಸೆಪ್ಷನ್ನಿನಲ್ಲಿ ಕುಂಡದಲ್ಲಿಟ್ಟಿದ್ದ ರಬ್ಬರ್ ಗಿಡದ ಕುಡಿ ಕೂಡ ಇತ್ತು! ಎಲ್ಲವನ್ನೂ ಅಡ್ಡಡ್ಡ ಹರಡಿ, ಬ್ಯಾಗಿನ ಮೂಲೆಯಲ್ಲಿ ಉಳಿದಿದ್ದ ಒಂದು ಎಲೆಯನ್ನೂ ಹುಡುಕಿ ತೆಗೆದಿಟ್ಟಳು. ಆಮೇಲೆ ಅಜ್ಜಿಯನ್ನೂ ನೋಡದೆ, ನನ್ನನ್ನೂ ನೋಡದೆ, ಎದುರಿನ ಎಲ್ಮ್ ಮರದ ತುದಿಯ ಕಡೆ ಮುಖವೆತ್ತಿ ಕೈ ಜೋಡಿಸಿದಳು.

"ತಗೋ. ಎಲ್ಲಾ ವಾಪಸ್ ತಗೋ. ಇನ್ನು ಒಂದು ಎಲೇನೂ ಮುಟ್ಟಲ್ಲ. ಇವಳಿಗೆ ಅದೊಂದನ್ನ ಬಿಟ್ಬಿಡಪ್ಪಾ."

ನಾಯಿಗೂ ಆಫೀಸರಿಗೂ ಹೆದರದ ನಮ್ಮ ಚಿಕ್ಕಮ್ಮ ಬಿಳಿಚಿಕೊಂಡು ನಿಂತಿದ್ದಳು. ಇಷ್ಟು ದಿನವೂ ಹೀಗೇ ಹೆದರಿದ್ದಳೇ? ಸಾರು ಕುದಿಸುವಾಗ, ನನ್ನ ತಲೆಗೆ ಎಣ್ಣೆ ಒತ್ತುವಾಗ, ಮುಖ ಹಪ್ಪಳ ಆಗಿದೆ ಎಂದು ಗದರುವಾಗ? ನನಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

ಅಜ್ಜಿಗೆ ಮಾತು ತಿಳಿಯದಿದ್ದರೂ ಬೇಕಾದದ್ದು ತಿಳಿಯಿತೆಂದು ಕಾಣುತ್ತದೆ. ಅವರು ಯಾರನ್ನೋ ಕೂಗಿ ಕರೆದು ಟೀ ತರಿಸಿದರು. ತಾವೇ ಮೂರು ಚಮಚ ಸಕ್ಕರೆ ಹಾಕಿ ಕಲಕಿದರು. ನನ್ನನ್ನು ಎಡಮಗ್ಗುಲಾಗಿ ಒರಗಿಸಿ, ಬೆನ್ನಿಗೆ ತಮ್ಮ ಸ್ವೆಟರ್ ಮಡಿಸಿ ಇಟ್ಟು, ಕುಡಿಸಿದರು. ಬಿಸಿ, ಸಿಹಿ, ಕಡುಗೆಂಪು ಟೀ. ನಾವು ಮೂವರೂ ಕಾದೆವು. ಚಿಕ್ಕಮ್ಮ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು, ಅಜ್ಜಿ ಚಿಕ್ಕಮ್ಮನನ್ನು ನೋಡುತ್ತಿದ್ದರು. ಹೊಟ್ಟೆಯ ಬಿಗಿ ಮೆಲ್ಲಮೆಲ್ಲಗೆ ಇಳಿಯಿತು.

ಆಮೇಲೆ, ಲೋಟದ ತಳಕ್ಕೆ ಬಂದಿದ್ದೆ, ಒಳಗೆ ಮೀನೊಂದು ಮಗ್ಗುಲು ತಿರುಗಿದ ಹಾಗಾಯಿತು. ನಾನು ಉಸಿರು ಹಿಡಿದೆ. ಮತ್ತೆ ಒಮ್ಮೆ ಆಯಿತು.

"ಚಿಕ್ಕಮ್ಮಾ..."

ಅವಳು ನನ್ನ ಮುಖ ನೋಡಿಯೇ ಅರಿತಳು. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಬೆಂಚಿನ ತುದಿಗೆ, ತನ್ನ ಕಡ್ಡಿಗಳ ಮೇಲೆಯೇ ಕುಳಿತುಬಿಟ್ಟಳು.

ನಮ್ಮವರು ಸ್ಕೋನಿನ ತಟ್ಟೆ ಹಿಡಿದು ನಮ್ಮನ್ನು ಹುಡುಕಿಕೊಂಡು ಬಂದಾಗ ಮೂರು ಹೆಂಗಸರೂ ಅಳುತ್ತಿದ್ದೆವು. ಅವರು ಹೆದರಿ ತಟ್ಟೆ ಕೈಬಿಟ್ಟರು. ಬಿದ್ದ ಸ್ಕೋನುಗಳನ್ನು ಮ್ಯಾಗ್ಪೈಗಳು ಬಂದು ಹೊತ್ತೊಯ್ದವು.

ಹೊರಡುವಾಗ ಅಜ್ಜಿ ಆ ಕಡ್ಡಿಗಳನ್ನೆಲ್ಲ ಕೂಡಿಸಿ ಚಿಕ್ಕಮ್ಮನ ಕರ್ಚೀಫಿನಲ್ಲೇ ಮತ್ತೆ ಸುತ್ತಿದರು. ಹೇಗೂ ಮುರಿದಾಗಿದೆ, ಇಲ್ಲಿದ್ದರೆ ಒಣಗಿಹೋಗುತ್ತವೆ, ತೆಗೆದುಕೊಂಡು ಹೋಗಿ ನೆಡಿ ಎಂದು ಕೈಗಿಡಲು ಬಂದರು. ಚಿಕ್ಕಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನೋ, ನೋ. ಐ ಗಿವ್. ಫಿನಿಶ್."

ಕಾರಿನಲ್ಲಿ ನಾನು ಕೇಳಿದೆ. "ಅವರೇ ಕೊಟ್ರಲ್ಲ ಚಿಕ್ಕಮ್ಮಾ, ತಗೋಬಹುದಿತ್ತು."

ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. "ನಾನು ಕೊಟ್ಟಿದ್ದನ್ನ ನಾನು ವಾಪಸ್ ತಗೊಂಡ್ರೆ, ಆಮೇಲೆ ಅವನೂ ವಾಪಸ್ ತಗೊಂಡ್ಬಿಟ್ರೆ ಏನೇ ಮಾಡ್ಲಿ?" ಎಂದಳು.

ಅವತ್ತಿನಿಂದ ಹೆರಿಗೆಯವರೆಗೂ ಅವಳು ಅಡಿಲೇಡಿನಲ್ಲೇ ಉಳಿದಳು. ಥಾರ್ನ್ಲಿಯಿಂದ ಚಿಕ್ಕಪ್ಪ ಫೋನ್ ಮಾಡಿ "ಉಪ್ಪಿಟ್ಟಿಗೆ ಎಷ್ಟು ನೀರು?" ಎಂದು ಕೇಳುತ್ತಿದ್ದರು, ಇವಳು ಇಲ್ಲಿಂದ "ಗಿಡಕ್ಕೆ ಹಾಕಿದ್ರಾ ನೀರು?" ಎಂದು ಕೂಗುತ್ತಿದ್ದಳು. ವಾಕಿಂಗಿಗೆ ಹೋದಾಗ ಬೇಲಿಯ ಕಡೆಗೆ ನನ್ನನ್ನು ಬಿಟ್ಟು ತಾನು ರಸ್ತೆಯ ಕಡೆಗೆ ನಡೆಯುತ್ತಿದ್ದಳು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಒಮ್ಮೆ ಅವಳಿಗೆ ನಿಜವಾಗಿಯೇ ಶೀತವಾಗಿ ಕೆಮ್ಮು ಬಂತು. ನಮ್ಮವರು ಗಾಬರಿಯಿಂದ ಕಿಟಕಿಗೆ ಓಡಿ ಎದುರು ಮನೆಯ ಜೆರೇನಿಯಂ ನೋಡಿದರು!

ಸೆಕೆ ಇಳಿಯುವ ಹೊತ್ತಿಗೆ ಮಗಳು ಹುಟ್ಟಿದಳು. ಆಸ್ಪತ್ರೆ ಎದ್ದು ಕೂರುವ ಹಾಗೆ ಅತ್ತಳು. ನರ್ಸ್ ಅವಳನ್ನು ಸುತ್ತಿ ನನ್ನ ಪಕ್ಕದಲ್ಲಿ ಮಲಗಿಸಿ ಹೋದ ಮೇಲೆ ಚಿಕ್ಕಮ್ಮ ಬಂದಳು. ಬಂದವಳು ಬಾಗಿಲ ಬಳಿಯೇ ನಿಂತಳು. ಮೊಣಕೈಯವರೆಗೂ ಕೈ ತೊಳೆದುಕೊಂಡಿದ್ದಳು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಕರೆದೆ. ಹಾಸಿಗೆಯ ಹತ್ತಿರ ಬಂದಳು, ಬಗ್ಗಿ ನೋಡಿದಳು, ಮತ್ತೆ ನೆಟ್ಟಗೆ ನಿಂತಳು. ಮೂರು ಊರುಗಳಲ್ಲಿ ಯಾರನ್ನೂ ಒಂದು ಮಾತೂ ಕೇಳದೆ ಬೇಕಾದ್ದನ್ನೆಲ್ಲ ತೆಗೆದುಕೊಂಡ ಹೆಂಗಸು, ತಪ್ಪು ಮಾಡಿ ನಿಂತ ಮಗುವಿನ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು.

"ಎತ್ಕೊಳ್ಲೇನೇ?"

ನಾನು ಹೂಂ ಎಂದು ತಲೆಯಾಡಿಸುವವರೆಗೂ ಅವಳು ಕೈ ಚಾಚಲಿಲ್ಲ.